ಹಿತ್ತಲು ತುಂಬಿದ ಮೇಲೆ

ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಶ್ರೀರಾಂಪುರದ ಮನೆಗೆ ಮರಳಿದ ಮೇಲೆ ನನಗೆ ಹೊರಗೆ ಹೋಗಲು ಉಳಿದದ್ದು ವಾರದ ಸಂತೆಯೊಂದೇ. ಗಂಡು ಗೊತ್ತಾಗುವವರೆಗೆ ಹುಡುಗಿ ಮನೆಯಲ್ಲಿರಲಿ ಎಂದು ಅಪ್ಪ ಹೇಳಿದ್ದರು. ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಕೆಲಸ ಖಾಲಿಯಿದೆ ಎಂದು ನಾನು ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದೆ. ಅವರು ಗದರಲಿಲ್ಲ, ಕೇಳಿಸದವರಂತೆ ಎದ್ದು ಕೈ ತೊಳೆದರು. ಸಂತೆಗಾದರೆ ಅಜ್ಜಿಯ ಜೊತೆ ಹೋಗಬಹುದಿತ್ತು, ಚೀಲ ಹೊರಲು ಒಬ್ಬರು ಬೇಕಿದ್ದರಿಂದ.

ಉಳಿದ ದಿನಗಳಿಗೆ ಹಿತ್ತಲಿತ್ತು. ಮೂರು ಕಡೆ ಗೋಡೆ, ಒಂದು ಕಡೆ ಬಚ್ಚಲು. ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಂತು ನಾರುತ್ತಿತ್ತು. ಅದಕ್ಕೊಂದು ಸಣ್ಣ ಕಾಲುವೆ ತೋಡಿ, ಮೊದಲಿಗೆ ಬಾಳೆ, ಕೆಸು ಹಚ್ಚಿದೆ. ಮುಂದೆ ನುಗ್ಗೆ, ಅದರ ಅರೆನೆರಳಲ್ಲಿ ಬದನೆ, ನುಗ್ಗೆಯ ಮೈಗೇ ಹಬ್ಬಿಸಿದ ಅವರೆ. ನಮ್ಮ ಕಡೆ ತೆಂಗಿನ ಸಿಪ್ಪೆಗೆ ಕೊರತೆಯಿಲ್ಲ. ಅದನ್ನು ಗುಂಡಿಯಲ್ಲಿ ಅಂಗಾತ ಜೋಡಿಸಿ ಮೇಲೆ ಮಣ್ಣೆಳೆದರೆ ಬೇಸಿಗೆಯಲ್ಲೂ ಬುಡ ತಂಪಾಗಿರುತ್ತಿತ್ತು. ಒಲೆಯ ಬೂದಿ, ಸೇಂಗಾ ಸಿಪ್ಪೆ, ಉದುರಿದ ಎಲೆ, ಯಾವುದನ್ನೂ ನಾನು ಹೊರಗೆ ಚೆಲ್ಲಗೊಡಲಿಲ್ಲ. ಬೆಳಿಗ್ಗೆ ಮಣ್ಣು ಕೆದಕಿದಾಗ ಎರೆಹುಳು ಕಂಡರೆ ಆ ದಿನ ಪೂರ್ತಿ ಸಂತೋಷವಾಗಿರುತ್ತಿದ್ದೆ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅಡುಗೆಮನೆಗೆ ಬೇಕಾದ ತರಕಾರಿಯೆಲ್ಲ ಹಿತ್ತಲಿನಿಂದಲೇ ಬರತೊಡಗಿತು. ಅಪ್ಪನಿಗೆ ಹೆಮ್ಮೆ. ಮತ್ತೋಡಿನಿಂದ ಬಂದ ನೆಂಟರ ಪಕ್ಕ ಊಟಕ್ಕೆ ಕೂತು, "ಇನ್ನ ನಮ್ಮನೆ ಹೆಂಗಸ್ರು ಸಂತೆಗೆ ಹೋಗೋ ಕೆಲ್ಸನೇ ಇಲ್ಲ. ಎಲ್ಲಾ ಹಿತ್ಲಾಗೇ ಐತೆ" ಎಂದರು. ನಾನು ಸಾರು ಬಡಿಸುತ್ತಿದ್ದೆ. ಬದನೆಕಾಯಿ ಎಷ್ಟು ಎಳೆಯದಾಗಿದೆ ಎಂದು ನೆಂಟರು ಹೊಗಳಿದರು.

ಆ ವಾರದಿಂದ ಉಪ್ಪು, ಎಣ್ಣೆ ಅಪ್ಪನೇ ತಂದರು. ಅಜ್ಜಿಯ ವೀಳ್ಯದೆಲೆಗೆ ಮಾತ್ರ ನಾವಿಬ್ಬರೂ ಹೋಗುತ್ತಿದ್ದೆವು. ಬೇರೆಯವರು ಆರಿಸಿದ ಎಲೆ ಅಜ್ಜಿಗೆ ಆಗುತ್ತಿರಲಿಲ್ಲ. ಅದಕ್ಕೂ ಅಪ್ಪ ದಾರಿ ಹುಡುಕಿದರು. ಹೊಳಲ್ಕೆರೆಯ ಕಡೆಯ ತೋಟವೊಂದರಿಂದ ಎಲೆಬಳ್ಳಿ ತಂದು, ಒದ್ದೆ ಗೋಣಿಯಿಂದ ಬಿಡಿಸಿ ನನ್ನ ಕೈಗಿತ್ತು, ಇದೊಂದನ್ನು ಹಬ್ಬಿಸಿಬಿಟ್ಟರೆ ಮುಗಿಯಿತು ಎಂದರು.

ಎಲ್ಲಿ ಹಚ್ಚಿದರೆ ಅದು ಒಣಗುತ್ತದೆ ಎಂದು ನನಗೆ ಗೊತ್ತಿತ್ತು. ಬಿಸಿಲ ಗೋಡೆಯ ಹತ್ತಿರ ಹೋಗಿ ನಿಂತೂ ನಿಂತೆ. ಆದರೆ ಬಳ್ಳಿಯ ಗೆಣ್ಣುಗಳಲ್ಲಿ ಬಿಳಿ ಬೇರು ಆಗಲೇ ಮೂಡಿತ್ತು. ವಾಪಸ್ಸು ಬಂದು ನುಗ್ಗೆಯ ಬುಡದಲ್ಲಿ, ತಂಪಿನಲ್ಲಿ ಹಚ್ಚಿದೆ. ಅದು ಹತ್ತಿಕೊಂಡಿತು. ಹೊಸ ಎಲೆ ಬಿಟ್ಟಾಗ ಹಿಗ್ಗಾಯಿತು. ಹಿಗ್ಗಿದ ಮರುಕ್ಷಣವೇ ಗೋಡೆಗಳು ಕಂಡವು.

ಒಂದು ಬೆಳಿಗ್ಗೆ ಅಜ್ಜಿ ಬಚ್ಚಲಿನಿಂದ ಚೊಂಬು ಹಿಡಿದು ಬಂದು, ಹಂಡೆಯ ಕುದಿಯುವ ನೀರನ್ನು ಬಳ್ಳಿಯ ಬುಡಕ್ಕೆ ಹೊಯ್ಯುವುದನ್ನು ಕಂಡೆ. ಆವಿ ಎದ್ದಿತು. ನನ್ನನ್ನು ನೋಡಿಯೂ ಆಕೆ ನಿಲ್ಲಿಸಲಿಲ್ಲ.

"ಚೆನ್ನಾಗಿ ಬೆಳೆಸ್ತೀಯ ಕಣೇ ನೀನು. ಅದೇ ಬಂದಿರೋದು ತಾಪತ್ರಯ."

ಬಳ್ಳಿ ಜೋತುಬಿದ್ದದ್ದನ್ನು ಅಪ್ಪ ನೋಡಿ, ಇದಕ್ಕೇನಾಯಿತು ಎಂದು ಕೇಳಿದರು. ಮುಟ್ಟಾದವರು ಹತ್ತಿರ ಸುಳಿದರೆ ಎಲೆಬಳ್ಳಿ ಸಾಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಅಜ್ಜಿ ಅಡಿಕೆ ಕತ್ತರಿಸುತ್ತಲೇ, "ವಯಸ್ಸಿಗೆ ಬಂದ ಹುಡುಗಿ ಓಡಾಡೋ ಹಿತ್ಲು. ಎಲೆಬಳ್ಳಿ ಎಲ್ಲಿ ನಿಲ್ತೈತಪ್ಪ?" ಎಂದರು.

ಅಪ್ಪ ತಲೆ ತಗ್ಗಿಸಿದರು. ಆ ನಂಬಿಕೆ ಸುಳ್ಳು ಎಂದು ವಿವರಿಸಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ. ಮುಖ ಬಿಸಿಯಾಗಿತ್ತು. ಬಗ್ಗಿ, ಅಜ್ಜಿ ಕತ್ತರಿಸಿದ ಅಡಿಕೆ ಚೂರುಗಳನ್ನು ಆರಿಸತೊಡಗಿದೆ. ಅಪ್ಪ ಇನ್ನೊಂದು ಬಳ್ಳಿ ತರುವ ಮಾತೆತ್ತದೆ ಹೊರಗೆ ಹೋದರು.

ಮುಂದಿನ ಸಂತೆಯಲ್ಲಿ ಅಜ್ಜಿ ಎಲೆ ಮಾರುವವಳ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಕಟ್ಟು ಬಿಚ್ಚಿಸಿ, ಬೆಳಕಿಗೆ ಹಿಡಿದು, ಬೇಡವೆಂದು ಬದಿಗಿಟ್ಟರು. ಮೊದಲ ಕಟ್ಟೇ ಚೆನ್ನಾಗಿತ್ತು. ನಾನು ಹೇಳಲಿಲ್ಲ.