ಮೂವರಿಗೂ ಒಂದೇ ಪಾಠ

ಊರೆಲ್ಲ ಕೆಲಸಕ್ಕೆ ಹೊರಡುವ ಹೊತ್ತಿಗೆ ಬ್ರೆಡ್ಡಣ್ಣ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ. ಎಷ್ಟು ತಿಕ್ಕಿ ತೊಳೆದುಕೊಂಡರೂ ಹುಬ್ಬಿನಲ್ಲಿ ಒಂದಿಷ್ಟು ಮೈದಾ ಉಳಿದೇ ಇರುತ್ತಿತ್ತು. ವರ್ಷಗಟ್ಟಲೆ ಬೇಕರಿಯ ಒಲೆಯ ಮುಂದೆ ನಿಂತವನು. ತಟ್ಟೆ ಒಳಗೆ ತಳ್ಳಿ ಹೊರಗೆ ಎಳೆದು ಬೆನ್ನು ಸ್ವಲ್ಪ ಬಾಗಿತ್ತು. ಬ್ರೆಡ್ಡಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಒಂದೊಂದು ಸಲ ಹೆಂಡತಿಯ ಬಾಯಲ್ಲೂ ಅದೇ ಬಂದುಬಿಡುತ್ತಿತ್ತು. ಅವಳು ಸಿಟಿ ಬಸ್ಸಿನ ಡ್ರೈವರ್. ಇವನು ಚಪ್ಪಲಿ ಬಿಡುವ ಹೊತ್ತಿಗೆ ಅವಳು ಬೂಟಿನ ಲೇಸು ಕಟ್ಟುತ್ತಿದ್ದಳು. ಗಂಡ ಹೆಂಡತಿಯ ಅರ್ಧ ಸಂಸಾರ ಆ ಬಾಗಿಲಲ್ಲೇ ನಡೆಯುತ್ತಿತ್ತು.

ಮೂವರು ಮಕ್ಕಳು. ಹನ್ನೆರಡು ವರ್ಷದ ಮಗ ಮನೆಯವರ ಬಾಯಲ್ಲಿ ದೊಡ್ಡೋನು. ಅವನ ನಂತರದ ಒಂಬತ್ತು ವರ್ಷದ ಹುಡುಗಿ ಲಾಯರಮ್ಮ. ಹಲ್ಲುಜ್ಜು ಅಂದರೂ ಯಾಕೆ, ಯಾವ ಆಧಾರದ ಮೇಲೆ ಎಂದು ಕೇಳುವವಳು. ಕೊನೆಯವಳು ಗುಬ್ಬಿ. ಆಗ ತಾನೇ ಶಾಲೆ ಸೇರಿದ್ದಳು.

ಆ ವರ್ಷ ದೊಡ್ಡೋನಿಗೆ ಬೆಳಗಾದರೆ ಹೊಟ್ಟೆನೋವು. ಭಾನುವಾರ ಮಾತ್ರ ಚೆನ್ನಾಗಿರುತ್ತಿದ್ದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ರಕ್ತ ತೆಗೆಸಿ ನೋಡಿ, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊಟ್ಟೇಲಿ ಏನೂ ಇಲ್ಲಮ್ಮ. ಶಾಲೇಲಿ ಏನೋ ಇದೆ. ಸ್ವಲ್ಪ ದಿನ ಬಿಡಿಸಿ ನೋಡಿ" ಎಂದರು. ಶಾಲೆಯಲ್ಲಿ ವಿಚಾರಿಸಿದರೆ, ಹುಡುಗ ತುಂಬ ಒಳ್ಳೆಯವನು, ಗಲಾಟೆಯೇ ಇಲ್ಲ, ಬರೆದದ್ದು ಅಚ್ಚುಕಟ್ಟು ಎಂಬ ಉತ್ತರ ಬಂತು. ಹುಡುಗನನ್ನು ಕೇಳಿದರೆ ನೆಲ ನೋಡುತ್ತಿದ್ದ.

ಅವನು ಮನೆಯಲ್ಲಿ ಉಳಿದ ಮೇಲೆ ಗುಬ್ಬಿ ಶಾಲೆಯ ಗೇಟು ಹಿಡಿದುಕೊಂಡು ಬಿಡಲೇ ಇಲ್ಲ. ಅಣ್ಣ ಇಲ್ಲದ ಕಡೆ ತಾನೂ ಇಲ್ಲ ಎಂದು ಕಿರುಚಿದಳು. ಲಾಯರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅವರಿಬ್ಬರಿಗೊಂದು ನ್ಯಾಯ, ನನಗೊಂದು ನ್ಯಾಯನಾ?"

"ಬೆಳಗ್ಗೆ ಹೊತ್ತು ನಾನು ಮನೇಲೇ ಇರ್ತೀನಲ್ಲ, ಒಂದು ವರ್ಷ ಮನೆಯಲ್ಲೇ ಓದಲಿ" ಎಂದ ಬ್ರೆಡ್ಡಣ್ಣ. "ಒಬ್ಬನಿಗೆ ಹೇಳ್ಕೊಡೋದೂ ಒಂದೇ, ಮೂವರಿಗೆ ಹೇಳ್ಕೊಡೋದೂ ಒಂದೇ."

ಹೆಂಡತಿ ಅವನನ್ನೇ ನೋಡಿದಳು. "ಈ ಮಾತು ನೆನಪಿಟ್ಕೊಳ್ಳಿ" ಎಂದಷ್ಟೇ ಹೇಳಿದಳು.

ಶಿಕ್ಷಣ ಕಚೇರಿಯಿಂದ ಒಪ್ಪಿಗೆ ಸಿಕ್ಕಿತು. ಮೂರು ತರಗತಿಯ ಮೂರು ಸೆಟ್ಟು ಪುಸ್ತಕ ಬಂದವು. ಅಡುಗೆಮನೆಯ ಮೇಜಿನ ಮೂರು ಬದಿಗೆ ಮೂರು ಕುರ್ಚಿ, ಫ್ರಿಜ್ಜಿನ ಬಾಗಿಲಿಗೆ ಮೂರು ವೇಳಾಪಟ್ಟಿ. ನಾಲ್ಕನೆಯ ಬದಿಯಲ್ಲಿ ಬ್ರೆಡ್ಡಣ್ಣ. ಗುಬ್ಬಿಯ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರೆ ಲಾಯರಮ್ಮನ ಭಾಗಾಕಾರ ಮುಗಿದು ಹೋಗಿರುತ್ತಿತ್ತು. ಅವಳ ಲೆಕ್ಕ ತಿದ್ದಲು ಹೋದರೆ ಗುಬ್ಬಿ ಪೆನ್ಸಿಲನ್ನು ಹಾಲಿನ ಲೋಟದಲ್ಲಿ ಅದ್ದಿರುತ್ತಿದ್ದಳು. ದೊಡ್ಡೋನು ಒಬ್ಬನೇ ಯಾವ ತಂಟೆಯನ್ನೂ ಕೊಡಲಿಲ್ಲ. ಪುಸ್ತಕದಲ್ಲಿದ್ದದ್ದನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ, "ಆಯ್ತಪ್ಪ" ಅನ್ನುತ್ತಿದ್ದ. ಪ್ರಶ್ನೆ ಕೇಳಿದರೆ ಅವನು ಬಾಯಿ ತೆರೆಯುವ ಮೊದಲೇ ಎದುರು ಕುರ್ಚಿಯಿಂದ ಲಾಯರಮ್ಮನ ಉತ್ತರ ಹಾರಿಬರುತ್ತಿತ್ತು. ಅವನು ಪುಸ್ತಕ ಮುಚ್ಚಿ ಎದ್ದು ಹೋಗುತ್ತಿದ್ದ. ಒಂದು ದಿನ ಬ್ರೆಡ್ಡಣ್ಣ ಗುಬ್ಬಿಯ ಅಕ್ಷರಮಾಲೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದ. ಮಧ್ಯಾಹ್ನ ಹೆಂಡತಿ ಬಂದಾಗ ಮೂವರು ಮಕ್ಕಳೂ ಅವನ ಬೆನ್ನಿಗೆ ಹೊದಿಕೆ ಹೊದಿಸಿ, ಅವನ ಗೊರಕೆಗೆ ಅಂಕ ಕೊಡುತ್ತಿದ್ದರು.

"ನೀವು ಒಬ್ಬರೇ ಮೂರು ಬಸ್ಸು ಓಡಿಸ್ತಾ ಇದೀರಿ" ಎಂದಳು ಅವಳು. "ನನ್ನ ಬಸ್ಸಲ್ಲಿ ಮುದುಕರೂ ಕೂರ್ತಾರೆ, ಪಾಪುನೂ ಕೂರುತ್ತೆ. ಬಸ್ಸು ಒಂದೇ. ಮೂವರಿಗೂ ಸೇರಿ ಒಂದೇ ಪಾಠ ಅನ್ನೋ ಥರದ್ದು ಏನೂ ಇಲ್ವಾ?"

ಹುಡುಕಿದರೆ ಇತ್ತು. ಮನೆಯಲ್ಲೇ ಓದಿಸುವವರಿಗೆಂದು ಲೈಬ್ರರಿಯವರು ಪಠ್ಯಕ್ರಮಗಳನ್ನು ಎರವಲು ಕೊಡುತ್ತಿದ್ದರು. ಒಡಹುಟ್ಟಿದವರೆಲ್ಲ ಒಟ್ಟಿಗೆ ಕಲಿಯಬಹುದು ಎಂದು ಹೇಳಿಕೊಳ್ಳುವಂಥವು ಅಲ್ಲಿ ಎರಡಿದ್ದವು. ಒಂದು ಕಂಪ್ಯೂಟರಿನದು: ಒಂದೇ ಪಾಠವನ್ನು ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಮಾಡಿ ತೋರಿಸುತ್ತಿತ್ತು, ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸರದಿಯ ಮೇಲೆ ಕೂರಬೇಕು. ಇನ್ನೊಂದು ಒಂದು ಪೆಟ್ಟಿಗೆ ತುಂಬ ಕಥೆ, ಚಿತ್ರ, ನಕಾಶೆ. ತಿಂಗಳಿಗೊಂದು ವಿಷಯ, ಎಲ್ಲರೂ ಒಟ್ಟಿಗೆ ಕೂತು ಗಟ್ಟಿಯಾಗಿ ಓದಬೇಕು, ಆಮೇಲೆ ಅವರವರ ಶಕ್ತಿಗೆ ತಕ್ಕ ಕೆಲಸ. ಎರಡನ್ನೂ ಮನೆಗೆ ತಂದು ಕೆಲವು ದಿನ ನೋಡುವುದೆಂದಾಯಿತು.

ಕಂಪ್ಯೂಟರು ಮೊದಲು ಬಂತು. ಬ್ರೆಡ್ಡಣ್ಣನಿಗೆ ಸ್ವರ್ಗವೇ ಸಿಕ್ಕಂತಾಯಿತು; ಸೋಫಾದ ಮೇಲೆ ಕಾಲು ಚಾಚಬಹುದಿತ್ತು. ಅದಕ್ಕಿಂತ ಆಶ್ಚರ್ಯವೆಂದರೆ ದೊಡ್ಡೋನಿಗೆ ಅದು ತುಂಬ ಹಿಡಿಸಿತು. ತಾನೇ ಹೋಗಿ ಕೂರುತ್ತಿದ್ದ. ಉತ್ತರಗಳೂ ಸರಿ ಬರುತ್ತಿದ್ದವು. "ಇದನ್ನೇ ತಗೊಳ್ಳೋಣಪ್ಪ" ಎಂದು ಅವನು ಬಾಯಿಬಿಟ್ಟು ಕೇಳಿದಾಗ ಅಪ್ಪ ಸೋಫಾದಲ್ಲಿ ಎದ್ದು ಕೂತ. ಆ ಹುಡುಗ ಏನನ್ನಾದರೂ ಬೇಕು ಎಂದು ಕೇಳಿ ಎಷ್ಟೋ ಕಾಲವಾಗಿತ್ತು.

ಮರುದಿನ ಬೆಳಗ್ಗೆ ಬ್ರೆಡ್ಡಣ್ಣ ಕಣ್ಣು ಅರೆಮುಚ್ಚಿ ಸೋಫಾದಲ್ಲಿ ಬಿದ್ದುಕೊಂಡಿದ್ದ, ನಿದ್ದೆ ಬಂದಿರಲಿಲ್ಲ. ಹೆಡ್‌ಫೋನು ಕೆಟ್ಟಿತ್ತು. ಹುಡುಗ ಅದರ ವೈರನ್ನು ತಿರುಚಿ ನೋಡಿದ, ಕಿತ್ತು ಮತ್ತೆ ಚುಚ್ಚಿದ. ಸದ್ದು ಬರಲಿಲ್ಲ. ಪರದೆಯ ಮೇಲಿನ ಸಾಲಿನ ಮೇಲೆ ಬೆರಳಾಡಿಸಿದ. ಆಮೇಲೆ ಮೆಲ್ಲಗೆ ಕರೆದ.

"ಗುಬ್ಬಿ, ಬಾ ಇಲ್ಲಿ. ನಿಂಗೊಂದು ಪರೀಕ್ಷೆ. ಇಲ್ಲೇನು ಬರೆದಿದೆ ಹೇಳು ನೋಡೋಣ."

ಗುಬ್ಬಿ ಕುರ್ಚಿ ಹತ್ತಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. "ಕ... ಡ... ಲು. ಕಡಲು!"

"ಶಾಭಾಷ್. ಇದು?"

"ಅದು ದೊಡ್ಡದು ಅಣ್ಣ, ನಂಗೆ ಬರಲ್ಲ."

"ಪರವಾಗಿಲ್ಲ, ಪ್ರಯತ್ನ ಮಾಡು, ಪುಟ್ಟಿ" ಎಂದ ಅವನು. ದನಿಯಲ್ಲಿ ಬೇಡಿಕೊಳ್ಳುವಂಥದ್ದೇನೋ ಇತ್ತು.

ಸೋಫಾದ ಮೇಲೆ ಬ್ರೆಡ್ಡಣ್ಣ ನಿದ್ದೆ ಬಂದವನಂತೆ ಬಿದ್ದುಕೊಂಡೇ ಇದ್ದ. ಮುತ್ತಿನಂಥ ನಕಲು, ತಂಗಿ ಉತ್ತರ ಕೊಟ್ಟಾಗ ಮುಚ್ಚುವ ಪುಸ್ತಕ, ಬೆಳಗಿನ ಹೊಟ್ಟೆನೋವು, ಎಲ್ಲವೂ ಒಂದಕ್ಕೊಂದು ಸೇರಿಕೊಂಡವು. ಮಗನಿಗೆ ಓದಲು ಬರುತ್ತಿರಲಿಲ್ಲ. ಇಷ್ಟು ದಿನ ಕಂಪ್ಯೂಟರು ಅವನಿಗೆ ಓದಿ ಹೇಳುತ್ತಿತ್ತು.

ಆ ದಿನ ಹೆಂಡತಿ ಮನೆಗೆ ಬರುವ ತನಕ ತಡೆಯಲಾಗಲಿಲ್ಲ. ಮಕ್ಕಳನ್ನು ಕೆಳಗಿನ ಮನೆಯ ದರ್ಜಿಯಮ್ಮನ ಹತ್ತಿರ ಬಿಟ್ಟು, ಹೋಗಿ ಹೆಂಡತಿಯ ಬಸ್ಸನ್ನೇ ಹತ್ತಿದ. ಕೊನೆಯ ನಿಲ್ದಾಣದಲ್ಲಿ ಜನ ಇಳಿದ ಮೇಲೆ, ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತು ಎಲ್ಲವನ್ನೂ ಹೇಳಿದ. ಅವಳು ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟು ಮುಂದೆ ನೋಡುತ್ತಲೇ ಕೇಳಿದಳು.

"ಇಷ್ಟು ವರ್ಷ ನಮ್ಮ ಕಣ್ಣು ಎಲ್ಲಿ ಹೋಗಿತ್ರೀ?"

"ಅವನು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದ ಕಣೇ. ಪಾಪ, ಎಷ್ಟು ಕಷ್ಟಪಟ್ಟಿರಬೇಕು."

"ಇವತ್ತೇ ಕೂರಿಸ್ಕೊಂಡು ಕೇಳೋಣ್ವಾ?"

ಬ್ರೆಡ್ಡಣ್ಣ ಬೇಡವೆಂದು ತಲೆಯಾಡಿಸಿದ. "ಕೇಳಿದ್ರೆ ಮತ್ತೆ ಹೊಟ್ಟೆನೋವು ಶುರುವಾಗುತ್ತೆ. ಸ್ವಲ್ಪ ತಡಿ. ಆ ಪೆಟ್ಟಿಗೇದು ಇದೆಯಲ್ಲ, ಅದನ್ನೇ ತಗೊಳ್ಳೋಣ. ಅದರಲ್ಲಿ ಗುಬ್ಬಿಗೆ ಅಂತ ಸಣ್ಣ ಸಣ್ಣ ಪುಸ್ತಕ ಇದೆ. ಅದನ್ನ ಓದಿ ಹೇಳೋ ಕೆಲಸ ಅಣ್ಣಂದು ಅಂತ ಮಾಡೋಣ."

ಬಸ್ಸು ಹೊರಡುವ ಹೊತ್ತಾಯಿತು. ಅವಳು ತೋಳಿನಲ್ಲಿ ಕಣ್ಣೊರೆಸಿಕೊಂಡು ಇಂಜಿನ್ ಚಾಲು ಮಾಡಿದಳು. "ಟಿಕೆಟ್ ತಗೊಂಡ್ರಾ?" ಎಂದು ಕೇಳಿದಳು. ಅವನು ತಗೊಂಡಿರಲಿಲ್ಲ.

ಕಂಪ್ಯೂಟರು ವಾಪಸು ಹೋಗುತ್ತದೆ ಎಂದು ಗೊತ್ತಾದಾಗ ದೊಡ್ಡೋನ ಮುಖ ಬಾಡಿತು. ಪುಟಾಣಿ ಪುಸ್ತಕಗಳನ್ನು ಕಂಡ ಮೇಲಂತೂ ಮೂಗು ಮುರಿದ. "ನಾನು ಪಾಪುಗಳ ಪುಸ್ತಕ ಓದಲ್ಲ."

"ನಿಂಗೆ ಯಾರಪ್ಪ ಓದ್ಕೊ ಅಂದ್ರು? ಗುಬ್ಬಿಗೆ ಓದಿ ಹೇಳು ಅಂದೆ. ನಾನು ಓದಿದ್ರೆ ಎರಡನೇ ಸಾಲಿಗೆ ಗೊರಕೆ ಹೊಡೀತೀನಿ."

ಗುಬ್ಬಿ ಆಗಲೇ ಒಂದು ಪುಸ್ತಕ ಎತ್ತಿಕೊಂಡು ಅಣ್ಣನ ತೊಡೆ ಹತ್ತಿದ್ದಳು. ಅವನು ಬೇರೆ ದಾರಿಯಿಲ್ಲದೆ ಪುಟ ತೆರೆದ.

ಮೊದಮೊದಲು ಚಿತ್ರ ನೋಡಿ ತಾನೇ ಕಥೆ ಕಟ್ಟುತ್ತಿದ್ದ. ಕಥೆಗಳೇನೋ ಪುಸ್ತಕದ್ದಕ್ಕಿಂತ ಚೆನ್ನಾಗಿದ್ದವು. ಆದರೆ ಗುಬ್ಬಿಗೆ ಆಗಲೇ ಅಕ್ಷರಗಳು ಒಂದೊಂದಾಗಿ ಪರಿಚಯವಾಗುತ್ತಿದ್ದವು. "ಅಣ್ಣ, ಇಲ್ಲಿ ಆನೆ ಅಂತ ಇಲ್ವಲ್ಲ!" ಎಂದು ಬೆರಳಿಡುತ್ತಿದ್ದಳು. ಆಗ ಇಬ್ಬರೂ ತಲೆಗೆ ತಲೆ ತಾಗಿಸಿ ನಿಜವಾಗಿ ಏನು ಬರೆದಿದೆ ಎಂದು ನೋಡಬೇಕಾಗುತ್ತಿತ್ತು. ಒತ್ತಕ್ಷರ ಬಂದ ಕಡೆ ಗಾಡಿ ನಿಲ್ಲುತ್ತಿತ್ತು. ಇಬ್ಬರೂ ಸೇರಿ ತಳ್ಳುತ್ತಿದ್ದರು.

ಆ ಹೊತ್ತಿಗೆ ಸರಿಯಾಗಿ ಬ್ರೆಡ್ಡಣ್ಣ ಲಾಯರಮ್ಮನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಕೆಲಸ ಹಚ್ಚುತ್ತಿದ್ದ. ಅದು ಸುಲಭವಿರಲಿಲ್ಲ. ಹಿಟ್ಟು ಉಬ್ಬುವುದರ ಪಾಠ ಬಂದ ತಿಂಗಳು ಅವಳು ಅವನ ಬೆವರಿಳಿಸಿದಳು. "ಯೀಸ್ಟು ಏನು ತಿನ್ನುತ್ತೆ? ಅದಕ್ಕೆ ಬಾಯಿ ಎಲ್ಲಿದೆ? ಒಲೇಲಿ ಇಟ್ಟಾಗ ಸಾಯುತ್ತಾ?" ಇಡೀ ಜೀವಮಾನ ಹಿಟ್ಟು ಕಲಸಿದವನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನಾಲ್ವರೂ ಪುಸ್ತಕ ಹರಡಿಕೊಂಡು ಹುಡುಕಿದರು. ಗುಬ್ಬಿ ಉಬ್ಬಿದ ಹಿಟ್ಟಿನ ಚಿತ್ರ ಬರೆದಳು. ಲಾಯರಮ್ಮ ಅದು ಎಷ್ಟು ಉಬ್ಬಿತು ಎಂದು ಅಳತೆಪಟ್ಟಿ ಹಿಡಿದಳು. ಬೆಚ್ಚಗಿನ ಜಾಗದಲ್ಲಿ ಬೇಗ, ತಣ್ಣಗಿನಲ್ಲಿ ನಿಧಾನ ಯಾಕೆ ಎಂಬುದನ್ನು ದೊಡ್ಡೋನು ತಾನೇ ಪ್ರಯೋಗ ಮಾಡಿ ಬಾಯಲ್ಲಿ ವಿವರಿಸಿದ, ಎಷ್ಟು ಚೆನ್ನಾಗಿ ಎಂದರೆ ಲಾಯರಮ್ಮನೂ ಸುಮ್ಮನೆ ಕೇಳಿದಳು.

ಆದರೆ ಲಾಯರಮ್ಮನ ಕಣ್ಣು ತಪ್ಪಿಸುವುದು ಎಷ್ಟು ದಿನ ಸಾಧ್ಯ? ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಣ್ಣ ತಂಗಿಗೆ ಯಾವುದೋ ಮಾತಿಗೆ ಜಗಳ ಹತ್ತಿತು. ಅವಳು ಸೋಲುತ್ತಿದ್ದಳು. ಸೋತು ಅಭ್ಯಾಸವಿಲ್ಲದವಳು, ಬಾಯಿಗೆ ಬಂದ ಮಾತನ್ನು ಎಸೆದಳು.

"ನಿಂಗೆ ಓದೋಕೇ ಬರಲ್ಲ! ಗುಬ್ಬಿ ಹೇಳ್ಕೊಡ್ತಾಳೆ ನಿಂಗೆ!"

ದೊಡ್ಡೋನ ಕಿವಿಯವರೆಗೂ ರಕ್ತವೇರಿತು. ಎದ್ದು ಬಾಗಿಲು ತೆಗೆದು ಹೊರಗೆ ಹೋದ. ಲಾಯರಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. ಆಡಿದ ಮೇಲೆ ಗೊತ್ತಾಗಿತ್ತು ಅವಳಿಗೆ. ಅಮ್ಮ ಅವಳನ್ನು ಬೈಯಲಿಲ್ಲ. ಪಕ್ಕಕ್ಕೆ ಎಳೆದುಕೊಂಡಳು. ಬ್ರೆಡ್ಡಣ್ಣ ಕೈ ತೊಳೆದು ಮಗನ ಹಿಂದೆ ಹೋದ.

ಹುಡುಗ ಮೆಟ್ಟಿಲ ಮೇಲೆ ಕೂತಿದ್ದ, ಮೊಣಕಾಲಿನ ನಡುವೆ ಮುಖ. ಬ್ರೆಡ್ಡಣ್ಣ ಒಂದು ಮೆಟ್ಟಿಲು ಕೆಳಗೆ ಕೂತ. ಕೆಳಗಿನ ಮನೆಯಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು.

"ನಿಂಗೆ ಗೊತ್ತಿತ್ತಾ ಅಪ್ಪ?"

"ಹ್ಞೂಂ."

"ಯಾವಾಗಿಂದ?"

"ಹೆಡ್‌ಫೋನ್ ಕೆಟ್ಟಿತ್ತಲ್ಲ, ಅವತ್ತಿಂದ."

ಹುಡುಗ ತಲೆಯೆತ್ತಿದ. "ಮತ್ಯಾಕೆ ಏನೂ ಹೇಳ್ಲಿಲ್ಲ?"

"ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ. ಸರಿಯೋ ತಪ್ಪೋ ನಂಗೂ ಗೊತ್ತಾಗ್ಲಿಲ್ಲ ಮಗ."

ಆಮೇಲೆ ಹುಡುಗ, ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಹೇಳತೊಡಗಿದ. ಅಕ್ಷರಗಳು ಒಂದರ ಜಾಗಕ್ಕೆ ಒಂದು ಬಂದು ಕೂರುತ್ತವೆ. ತರಗತಿಯಲ್ಲಿ ಓದುವ ಸರದಿ ತನ್ನ ಬೆಂಚಿನ ಹತ್ತಿರ ಬರುತ್ತಿದ್ದಂತೆ ಹೊಟ್ಟೆ ಹಿಂಡುತ್ತಿತ್ತು. ಪಕ್ಕದ ಮನೆಯ ಹುಡುಗ ಗಟ್ಟಿಯಾಗಿ ಓದುವುದನ್ನು ಕೇಳಿ ತಾನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದ. "ನಾನು ದಡ್ಡ ಅಪ್ಪ" ಎಂದ ಕೊನೆಗೆ.

"ದಡ್ಡನಾಗಿದ್ರೆ ಇಷ್ಟು ವರ್ಷ ನಮ್ಮಿಬ್ಬರ ಕಣ್ಣಿಗೆ ಮಣ್ಣೆರಚೋಕೆ ಆಗ್ತಿತ್ತಾ?" ಎಂದ ಬ್ರೆಡ್ಡಣ್ಣ. "ಈ ಥರ ಇರೋರಿಗೆ ಓದು ಕಲಿಸೋ ಟೀಚರ್ ಇದಾರಂತೆ. ಅಮ್ಮ ವಿಚಾರಿಸಿದಾಳೆ. ಹೋಗೋಣ್ವಾ?"

ಹುಡುಗ ಕೂಡಲೇ ಒಪ್ಪಲಿಲ್ಲ. "ಗುಬ್ಬಿಗೆ ಓದೋದು ಬಿಡಬೇಕಾ?" ಎಂದು ಕೇಳಿದ. ಬಿಡಬೇಕಿಲ್ಲ ಎಂದು ಗೊತ್ತಾದ ಮೇಲೆ ಹ್ಞೂಂ ಅಂದ. ಬ್ರೆಡ್ಡಣ್ಣ ಅವನ ಮೆಟ್ಟಿಲಿಗೇ ಹತ್ತಿ, ಎಬ್ಬಿಸಿ ತಬ್ಬಿಕೊಂಡ. ತಲೆ ತನ್ನ ಗದ್ದದ ತನಕ ಬಂದಿದೆ ಎಂದು ಆಗಲೇ ಅವನಿಗೆ ಗೊತ್ತಾದದ್ದು.

ವಾರಕ್ಕೊಮ್ಮೆ ಆ ಟೀಚರ ಹತ್ತಿರ ಹೋಗಿಬರುವುದು ಶುರುವಾಯಿತು. ಇಂಥ ಮಕ್ಕಳು ಬೇಕಾದಷ್ಟಿದ್ದಾರೆ, ನಿಧಾನ ಬೇಕು ಅಷ್ಟೇ ಎಂದರು ಆಕೆ. ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದಿಸಿದರು, ಪದಗಳನ್ನು ಚೂರು ಮಾಡಿ ಕೂಡಿಸಿದರು. ಬೆಳಗ್ಗೆ ಮನೆಯಲ್ಲಿ ಪೆಟ್ಟಿಗೆಯ ಪಾಠ. ಓದುವ ಸರದಿ ಅಣ್ಣನದ್ದಾದಾಗ ಲಾಯರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ಉತ್ತರ ಒಳಗೆ ಉಕ್ಕಿ ಕೆನ್ನೆ ಊದಿಕೊಂಡರೂ ಕೈ ತೆಗೆಯುತ್ತಿರಲಿಲ್ಲ. ಕ್ಷಮೆ ಅನ್ನುವ ಮಾತು ಅವಳ ಬಾಯಿಂದ ಬರಲೇ ಇಲ್ಲ. ಅಣ್ಣನಿಗೆ ಅದು ಬೇಕೂ ಇರಲಿಲ್ಲ. ಆ ಊದಿದ ಕೆನ್ನೆ ನೋಡಿ ನಗು ಬಂದು, ಓದು ಅರ್ಧಕ್ಕೆ ನಿಲ್ಲುತ್ತಿತ್ತು.

ವರ್ಷ ಮುಗಿಯಿತು. ದೊಡ್ಡೋನು ಶಾಲೆಗೆ ವಾಪಸು ಹೋಗುತ್ತೇನೆ ಎಂದ. ಗುಬ್ಬಿಯೂ ಹೊರಟಳು, ಅವಳಿಗೆ ಗೆಳತಿಯರು ಬೇಕಾಗಿದ್ದರು. ಲಾಯರಮ್ಮ ಮಾತ್ರ, ಇನ್ನೂ ಅರ್ಧ ಪೆಟ್ಟಿಗೆ ಬಾಕಿ ಇದೆ, ನಡುವೆ ಬಿಡುವುದು ಅನ್ಯಾಯ ಎಂದು ವಾದಿಸಿ ಗೆದ್ದು ಮನೆಯಲ್ಲೇ ಉಳಿದಳು.

ಶಾಲೆಯ ಮೊದಲ ದಿನ ಬ್ರೆಡ್ಡಣ್ಣ ಮಲಗಲಿಲ್ಲ. ಮಧ್ಯಾಹ್ನವೆಲ್ಲ ಕಿಟಕಿಯ ಹತ್ತಿರ ಸುಳಿದಾಡುತ್ತಿದ್ದ. ಮಗ ಬಂದು ಚೀಲ ಇಳಿಸಿ, ಕೇಳುವ ಮೊದಲೇ ಹೇಳಿದ.

"ಇವತ್ತು ಓದೋಕೆ ಹೇಳಿದ್ರು. ನಾನು ನಿಧಾನವಾಗಿ ಓದ್ತೀನಿ, ಪರವಾಗಿಲ್ವಾ ಮಿಸ್ ಅಂತ ಕೇಳ್ದೆ. ಪರವಾಗಿಲ್ಲ ಅಂದ್ರು."

"ಆಮೇಲೆ?"

"ಓದ್ದೆ. ಎರಡು ಕಡೆ ತಪ್ಪಾಯ್ತು. ಹಿಂದಿನ ಬೆಂಚಲ್ಲಿ ಒಬ್ಬ ನಕ್ಕ." ಲೋಟಕ್ಕೆ ನೀರು ಬಗ್ಗಿಸಿಕೊಂಡು ಕುಡಿದ. "ತಿನ್ನೋಕೆ ಏನಿದೆ ಅಪ್ಪ?"

ಬ್ರೆಡ್ಡಣ್ಣ ಅಡುಗೆಮನೆಗೆ ಹೋದ. ಕಣ್ಣು ಮಂಜಾಗಿ, ಎದುರಿಗೇ ಇದ್ದ ಬ್ರೆಡ್ಡಿನ ಚಾಕು ಸ್ವಲ್ಪ ಹೊತ್ತು ಅವನಿಗೆ ಕಾಣಿಸಲಿಲ್ಲ. ಬಾಲ್ಕನಿಯಿಂದ ಲಾಯರಮ್ಮ ಕೂಗುತ್ತಿದ್ದಳು: ಅಣ್ಣ ಬಂದಿದ್ದರೆ ಈ ನಕಾಶೆಯ ಇನ್ನೊಂದು ತುದಿ ಹಿಡಿದುಕೊಳ್ಳಲಿ, ಗಾಳಿಗೆ ಹಾರುತ್ತಿದೆ ಎಂದು.