ಕೆಲಸ ಹೋದ ಮೇಲೂ ದುಡಿಯುವ ದನಿ

ನಮ್ಮ ಭಾಗದ ಬಾನುಲಿ ಕೇಂದ್ರವನ್ನು ಆಳುವ ಮಂಡಳಿಯವರು ಮನುಷ್ಯರನ್ನು ಹೊರಗೆ ದಬ್ಬಿ, ಅವರ ದನಿಗಳನ್ನು ಒಳಗೆ ಜೀತಕ್ಕೆ ಇಟ್ಟುಕೊಂಡಿದ್ದಾರೆ. ಇದು ಆರೋಪ, ಅಲಂಕಾರವಲ್ಲ.

ಮೊನ್ನೆ ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಕುಳಿತಿದ್ದೆ. ಒಗ್ಗರಣೆಯ ಘಾಟಿನ ನಡುವೆ ರೇಡಿಯೋ ಮಾತಾಡಿತು: “ಮಸೂತಿ ಊರಿನ ಗಂಗವ್ವಾರ, ನಿಮ್ಮ ಪತ್ರ ಮುಟ್ಟೈತ್ರಿ. ಕೂಸಿಗೆ ಹಲ್ಲ ಬರೂ ಮುಂದ ಕಿರಿಕಿರಿ ಮಾಡೂದ ಹೌದ. ಅದಕ್ಕ ಅತ್ತಿ ಮಾತಿಗೆ ಅಂಜಬ್ಯಾಡ್ರಿ.”

“ಹಸೀನಾ ಅಕ್ಕಾರ ನೌಕರಿ ಗಟ್ಟಿ ನೋಡ್ರಿ,” ಎಂದ ಅಂಗಡಿಯವನು, ಚಹಾದ ಬಸಿ ಮುಂದಿಡುತ್ತ.

ನನಗೆ ಚಹಾ ನೆತ್ತಿಗೇರಿತು. ಗಂಗವ್ವನ ಆ ಕೂಸು ಈಗ ಶಾಲೆಯಲ್ಲಿ ಬೇರೆ ಮಕ್ಕಳ ಹಲ್ಲು ಮುರಿಯುವಷ್ಟು ಬೆಳೆದಿದೆ. ಆ ದನಿಯ ಒಡತಿ ಹಸೀನಾ ಅಕ್ಕನನ್ನು ಕೆಲಸದಿಂದ ತೆಗೆದು ವರ್ಷಗಳೇ ಆಗಿವೆ.

ಓದುಗ ಮಿತ್ರರೇ, ದೇವಣಗಾಂವದ ಈ ಹೆಣ್ಣುಮಗಳು ಮಧ್ಯಾಹ್ನದ ಹೊತ್ತು ಕೇಳುಗರ ಪತ್ರಗಳಿಗೆ ಉತ್ತರ ಹೇಳುತ್ತಿದ್ದ ಕಾಲವನ್ನು ನೀವು ಮರೆತಿರಲಾರಿರಿ. ಹೂವಿನ ಹಿಪ್ಪರಗಿಯಲ್ಲಿ ಕೌದಿ ಹೊಲಿಯುತ್ತಿದ್ದ ನನ್ನ ಅತ್ತೆಯಂದಿರು ಆ ಅರ್ಧ ಗಂಟೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಬಾಯಿಗೂ ಬೀಗ ಹಾಕಿಕೊಳ್ಳುತ್ತಿದ್ದರು. ಎರಡನೆಯದು ನಮ್ಮ ಮನೆತನದ ಮಟ್ಟಿಗೆ ಪವಾಡವೇ ಸರಿ. ವಿಶ್ವವಿದ್ಯಾಲಯದ ರಜೆಗಳಲ್ಲಿ ನಾನು ಕೇಂದ್ರಕ್ಕೆ ಹೋಗಿ ಅಕ್ಕನಿಗೆ ಬಂದ ಪತ್ರಗಳನ್ನು ವಿಂಗಡಿಸಿಕೊಡುತ್ತಿದ್ದೆ. ಒಮ್ಮೆ ಮೈಕಿನ ಮುಂದೆ ಬಾಯಿ ತೆರೆಯುವ ಸಾಹಸವನ್ನೂ ಮಾಡಿದೆ. ಅಕ್ಕ ಕಿವಿಯ ಮೇಲಿನ ಹೆಡ್‌ಫೋನ್ ಕೆಳಗಿಟ್ಟು, “ತಮ್ಮಾ, ನೀ ಮಾತಾಡಿದ್ರ ಕೋರ್ಟಿನ ನೋಟೀಸು ಓದಿದಂಗ ಕೇಳ್ತೈತಿ,” ಎಂದಳು. ಅಂದಿನಿಂದ ನಾನು ಬರಹಗಾರ.

ಆಮೇಲೆ ಬೆಂಗಳೂರಿನಿಂದ ಹೊಸ ವ್ಯವಸ್ಥಾಪಕರು ಬಂದರು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ನೆಲದೊಳಗಿನ ಹಗೇವಿಗೆ ಜೋಳ ತುಂಬಿಡುತ್ತಾರಲ್ಲ, ಇವರು ಕಂಪ್ಯೂಟರಿಗೆ ದನಿ ತುಂಬಿಡತೊಡಗಿದರು. ಹಸೀನಾ ಅಕ್ಕ ಬೆಳಗಿನಿಂದ ಸಂಜೆಯವರೆಗೆ ಕುಳಿತು ಮಳೆಗಾಲದ ಮಾತು, ಬೇಸಿಗೆಯ ಮಾತು, ಹಬ್ಬದ ಮಾತು, ಪತ್ರಗಳ ಉತ್ತರಗಳನ್ನೆಲ್ಲ ಹೇಳಿದಳು. “ಕೆಲಸಾ ಹೆಚ್ಚಾಗೇತಿ ತಮ್ಮಾ, ಬರಕತ್ ಬಂತು,” ಎಂದು ಹಿಗ್ಗಿದಳು. ಹಗೇವು ತುಂಬಿದ ಮರುದಿನ ಅವಳನ್ನೂ ಜೊತೆಯ ಉದ್ಘೋಷಕರನ್ನೂ ಇನ್ನು ಬರಬೇಡಿರೆಂದು ಮನೆಗೆ ಕಳಿಸಿದರು. ಅದಕ್ಕೆ ಅವರಿಟ್ಟ ಹೆಸರು ಪುನಾರಚನೆ. ತುಂಬುವುದೇನೋ ಬಂತು, ಯಾವುದನ್ನು ಯಾವಾಗ ಹೊರತೆಗೆಯಬೇಕೆಂಬುದು ಮಹಾಶಯರಿಗೆ ತಿಳಿಯಲಿಲ್ಲ. ಸುಡುವ ಬಿಸಿಲಿನಲ್ಲಿ ಅಕ್ಕನ ದನಿ, “ಹಿಂಗಾರಿ ಬಿತ್ತಿಗಿ ತಯಾರಾದ್ರೇನ್ರಿ?” ಎಂದು ವಿಚಾರಿಸಿತು. ಮುದ್ದೇಬಿಹಾಳದಿಂದ ಇಂಡಿಯವರೆಗೆ ಜನ ನಕ್ಕರು. ನಕ್ಕದ್ದು ಅವಳನ್ನು ನೋಡಿ.

ನಗೆ ಅಲ್ಲಿಗೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಅಕ್ಕ ಸಿಂದಗಿಯ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಶಾಲೆಯ ಯಜಮಾನರ ಮೇಜಿನ ಮೇಲೆ ರೇಡಿಯೋ ಹಾಡುತ್ತಿತ್ತು. ಹಾಡು ಮುಗಿಯಿತು, ಅವಳದೇ ದನಿ ಶುರುವಾಯಿತು.

“ದಿನಾ ಅಲ್ಲಿ ಮಾತಾಡ್ತೀರಿ, ಇಲ್ಲಿ ಯಾವಾಗ ಕಲಸ್ತೀರಿ?” ಎಂದರು ಯಜಮಾನರು.

“ಅದು ನಾ ಅಲ್ರೀ ಸಾಹೇಬ್ರ. ನನ್ನ ತಗದಾರ.”

“ನಿಮ್ಮ ದನಿ ನಮಗ ಗೊತ್ತಿಲ್ಲೇನ್ರಿ? ನಮ್ಮ ಮನ್ಯಾಕಿ ನಿಮ್ಮ ಮಾತ ಕೇಳದ ರೊಟ್ಟಿ ಬಡಿಯಂಗಿಲ್ಲ. ಒಂದ ಕುಂಡಿ, ಎರಡ ಕುರ್ಚಿ ಬ್ಯಾಡ್ರೀ ಅಕ್ಕಾರ.”

ಅಕ್ಕ ಬಾಯಿ ಮುಚ್ಚಿ ನಿಂತಿದ್ದಳು, ಪೆಟ್ಟಿಗೆಯೊಳಗಿನ ಅಕ್ಕ ಮಾತಾಡುತ್ತಲೇ ಇದ್ದಳು. ಆ ಕೆಲಸ ಬೇರೆಯವರ ಪಾಲಾಯಿತು.

ಅಲ್ಲಿಂದ ನೇರವಾಗಿ ಕೇಂದ್ರಕ್ಕೆ ಹೋದೆವು. ವ್ಯವಸ್ಥಾಪಕರು ನಗುನಗುತ್ತಲೇ ಬರಮಾಡಿಕೊಂಡರು. “ನಿಮ್ಮನ್ನ ತೆಗೆದಿದೀವಿ ಮೇಡಂ, ನಿಮ್ಮ ಕಾರ್ಯಕ್ರಮ ತೆಗೆದಿಲ್ವಲ್ಲ. ಖುಷಿ ಪಡಿ.”

“ನನ್ನ ತಗದ್ರಿ, ಆತು,” ಎಂದಳು ಅಕ್ಕ. “ದನಿನೂ ಮನೀಗಿ ಕಳಸ್ರಿ. ಅದು ಇಲ್ಲಿ ಇರೂತನಕ ನನ್ನ ಮಾತ ಹೊರಗ ಯಾರೂ ನಂಬಂಗಿಲ್ಲ.”

ಅವರು ಕಾಫಿ ತರಿಸಿದರು. ನಮ್ಮ ಆಡಳಿತಗಾರರು ಉತ್ತರವಿಲ್ಲದ ಪ್ರಶ್ನೆಗಳಿಗೆಲ್ಲ ಕಾಫಿ ತರಿಸುತ್ತಾರೆ.

ಇಷ್ಟನ್ನೂ ಮೊನ್ನೆ ಅಂಗಡಿಯವನಿಗೆ ಹೇಳಿದೆ. ಅವನು ರೇಡಿಯೋದ ಕಿವಿ ಹಿಂಡಿ ಸದ್ದು ಸಣ್ಣದು ಮಾಡಿದ. “ಅಲ್ರೀ, ಈಗ ಅಕ್ಕಾರು ಏನ್ ಮಾಡ್ತಾರ?”

“ಊರಾಗ ಅದಾರ. ಮಂದಿ ಅಂಗಿ ಹೊಲಿತಾರ.”

“ಹಂಗಾರ ಇಷ್ಟ ದಿನಾ ನಾವು ಕೇಳಿದ್ದು ಯಾರನ್ನ?”

ಅಲ್ಲಿಯವರೆಗೆ ಆ ದನಿ ಕೇಳಿದಾಗಲೆಲ್ಲ ನನಗೆ ರಜೆಯ ದಿನಗಳು ನೆನಪಾಗುತ್ತಿದ್ದವು, ಹಿತವೆನಿಸುತ್ತಿತ್ತು. ಇನ್ನು ಮುಂದೆ ಆ ಹಿತವೂ ನನಗೆ ದಕ್ಕದು.

ಆದ್ದರಿಂದ ಆಡಳಿತ ಮಂಡಳಿಯ ಅಧ್ಯಕ್ಷರಲ್ಲಿ ಸವಿನಯ ವಿನಂತಿ: ಅಂಗಡಿಯವನ ಆ ಪ್ರಶ್ನೆಗೆ ತಾವು ಉತ್ತರ ಕೊಡಬೇಕು. ಹಸೀನಾ ಅಕ್ಕನನ್ನು ಮರಳಿ ಮೈಕಿನ ಮುಂದೆ ಕೂರಿಸಬೇಕು. ಅದು ಆಗದಿದ್ದರೆ ಅವಳ ದನಿಯ ಪ್ರಸಾರವನ್ನು ಇಂದೇ ನಿಲ್ಲಿಸಿ, ಅವಳನ್ನು ತೆಗೆದುಹಾಕಿರುವ ಸಂಗತಿಯನ್ನು ಅದೇ ಮಧ್ಯಾಹ್ನದ ಹೊತ್ತಿಗೆ, ಎಲ್ಲ ತಾಲ್ಲೂಕುಗಳಿಗೂ ಕೇಳುವಂತೆ, ತಾವೇ ಖುದ್ದಾಗಿ ಓದಬೇಕು. ಧ್ವನಿಮುದ್ರಿಸಿದ ಉತ್ತರವನ್ನು ನಾವು ಸ್ವೀಕರಿಸುವುದಿಲ್ಲ.