ಎಣ್ಣೆ ಗಟ್ಟಿಯಾಗದ ಊರು

ಬಾಟಲಿಯ ಕುತ್ತಿಗೆಯ ಗಾಜಿನೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಗಾಳಿಗುಳ್ಳೆಯೊಂದು ಸಿಕ್ಕಿಕೊಂಡಿತ್ತು. ಗಾಣದಿಂದ ತಂದ ತೆಂಗಿನೆಣ್ಣೆಯನ್ನು ಅಮ್ಮ ಸರಿಯಾಗಿ ಆ ಗುಳ್ಳೆಯ ಮಟ್ಟಕ್ಕೆ ತುಂಬಿಸಿ ನಿಲ್ಲಿಸುತ್ತಿದ್ದಳು. ಕ್ರಿಸ್ಮಸ್ ಹತ್ತಿರ ಬರುವಾಗ ಕೆಲವು ದಿನ ಬೆಳಿಗ್ಗೆ ಬಾಟಲಿಯ ತಳದಲ್ಲಿ ಹತ್ತಿಯ ಎಳೆಯಂಥ ಬಿಳುಪು ಕಾಣಿಸಿಕೊಳ್ಳುತ್ತಿತ್ತು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಚಳಿ ಬಂತು," ಎನ್ನುತ್ತಿದ್ದಳು. ಅಪ್ಪ ಪೆಟ್ಟಿಗೆಯಿಂದ ತಮ್ಮ ಒಂದೇ ಸ್ವೆಟರನ್ನು ತೆಗೆಯುತ್ತಿದ್ದರು. ಬಿಸಿಲು ಅಂಗಳಕ್ಕೆ ಇಳಿಯುವುದರೊಳಗೆ ಎಣ್ಣೆ ತಿಳಿಯಾಗುತ್ತಿತ್ತು, ಸ್ವೆಟರು ಪೆಟ್ಟಿಗೆಗೆ ಮರಳುತ್ತಿತ್ತು. ಮಂಗಳೂರಿನಲ್ಲಿ ನಮ್ಮ ಚಳಿಗಾಲವೆಂದರೆ ಅಷ್ಟೆ.

ನಮ್ಮ ಮನೆ ಬೋಳಾರದಲ್ಲಿ, ಹೊಳೆಗೆ ಹತ್ತಿರ. ಅಪ್ಪ ಹಂಚಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಕದ್ರಿಯ ಕಡೆ ಒಂದು ಶಾಲೆಯಲ್ಲಿ, ಹೆರಿಗೆಗೆ ಹೋದ ಟೀಚರೊಬ್ಬರ ಬದಲಿಗೆ, ಪಾಠ ಹೇಳುತ್ತಿದ್ದೆ. ಮನೆಯಲ್ಲಿ ನಾವು ಮೂವರೇ. ಅರುವತ್ತರ ದಶಕ ಆಗಷ್ಟೇ ಶುರುವಾಗಿತ್ತು.

ಅಮ್ಮನಿಗೆ ಉಬ್ಬಸ. ಜೂನ್ ಬಂದು ಗೋಡೆಗಳು ಬೆವರತೊಡಗಿದರೆ ಅವಳ ಎದೆಯೊಳಗಿನ ಸಿಳ್ಳೆ ಅಡುಗೆಮನೆಯವರೆಗೆ ಕೇಳುತ್ತಿತ್ತು. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತಿತ್ತು. ಬೆಂಕಿಕಡ್ಡಿ ಗೀರಿದರೆ ಮದ್ದು ಮೆತ್ತಗೆ ಕಳಚಿ ಬರುತ್ತಿತ್ತು. ಬಟ್ಟೆಗಳನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು. ಶಾಲೆಗೆ ಹೋದಾಗ ನನ್ನ ಸೀರೆಯಿಂದ ಹೊಗೆಯ ವಾಸನೆ ಬರುತ್ತಿತ್ತು. ಅಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತೇ ಇರುತ್ತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಅವಳು ಒಂದು ಮಾತನ್ನು ಎರಡು ತುಂಡು ಮಾಡಿ ಹೇಳುವುದನ್ನು ರೂಢಿ ಮಾಡಿಕೊಂಡಳು. ಮೊದಲ ತುಂಡು ಮುಗಿದ ಮೇಲೆ ನಾವು ಕಾಯುತ್ತಿದ್ದೆವು. ಕೆಲವೊಮ್ಮೆ ಎರಡನೆಯದು ಬರುತ್ತಲೇ ಇರಲಿಲ್ಲ. ಕೈಯಿಂದ ಬೇಡ ಬಿಡಿ ಎಂದು ತೋರಿಸುತ್ತಿದ್ದಳು.

ಒಂದು ಮಧ್ಯಾಹ್ನ ಡಾಕ್ಟರು ಬಂದು ನೋಡಿ, ಹೊರಡುವಾಗ ಜಗಲಿಯಲ್ಲಿ ನಿಂತರು.

"ಇನ್ನೊಂದು ಮಳೆಗಾಲ ಇವರು ಇಲ್ಲಿ ಕಳೆಯುವುದು ಬೇಡ. ಘಟ್ಟದ ಮೇಲೆ, ಹವೆ ಒಣಗಿರುವ ಜಾಗ ನೋಡಿ. ಆದರೆ ತುಂಬಾ ಚಳಿ ಇರಬಾರದು, ಅದೂ ಇವರ ಎದೆಗೆ ಆಗುವುದಿಲ್ಲ."

"ಹೋಗದಿದ್ದರೆ, ಡಾಕ್ಟರೇ?" ಎಂದು ಅಪ್ಪ ಕೇಳಿದರು.

ಡಾಕ್ಟರು ಕೊಡೆ ಬಿಡಿಸುತ್ತಾ, "ನಾನು ಹೇಳಬೇಕಾದ್ದು ಹೇಳಿದೆ ಮಾರಾಯ್ರೆ," ಎಂದು ಮಳೆಗೆ ಇಳಿದರು.

ಆ ಸಂಜೆಯೇ ಅಪ್ಪ ನನ್ನ ಕಾಲೇಜಿನ ಭೂಪಟ ತೆಗೆದರು. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ಕಾಫಿತೋಟಗಳಲ್ಲಿ ಕೆಲಸಕ್ಕಿದ್ದು ಊರಿಗೆ ಬಂದವರನ್ನು ಹಿಡಿದು ವಿಚಾರಿಸುತ್ತಿದ್ದರು. ಊಟಿ ಚಂದ, ಆದರೆ ಅಲ್ಲಿಯ ಬಾಡಿಗೆ ಅಪ್ಪನ ಉಳಿತಾಯಕ್ಕೆ ನಿಲುಕುವಂಥದ್ದಲ್ಲ. ಮಡಿಕೇರಿಯಲ್ಲಿ ನಮ್ಮಷ್ಟೇ ಮಳೆ, ಅದರ ಮೇಲೆ ಮಂಜು ಬೇರೆ. ಹೀಗೆ ಒಂದೊಂದೇ ಊರು ಭೂಪಟದಲ್ಲಿ ಪೆನ್ಸಿಲಿನ ಗೀಟಿನ ಕೆಳಗೆ ಹೋಯಿತು. ಚಳಿ ಎಷ್ಟು ಎಂದು ಕೇಳಿದರೆ ಮಾತ್ರ ಎಲ್ಲರ ಉತ್ತರವೂ ಒಂದೇ ತರಹದ್ದು. "ಅಲ್ಲಿ ತೆಂಗಿನೆಣ್ಣೆ ಕಲ್ಲು," ಎನ್ನುವರು. "ಅಲ್ಲಿ ಬೆಳಿಗ್ಗೆ ಬಾಟಲಿ ಒಲೆ ಹತ್ತಿರ ಇಡಬೇಕು," ಎನ್ನುವರು. ಸಮುದ್ರದ ಬದಿಯ ನಮಗೆ ಚಳಿಯನ್ನು ಅಳೆಯಲು ಬೇರೆ ಸಾಧನವಿರಲಿಲ್ಲ.

ಅಮ್ಮ ಇದನ್ನೆಲ್ಲ ಮಂಚದಿಂದಲೇ ಕೇಳಿಸಿಕೊಂಡು ಕೊನೆಗೆ ತನ್ನ ಮಾತು ಹೇಳಿದಳು. "ಎಲ್ಲಿಗಾದರೂ ಬರ್ತೇನೆ. ಎಣ್ಣೆ ಗಟ್ಟಿಯಾಗುವ ಊರು ಮಾತ್ರ..." ನಾವು ಕಾದೆವು. "ನನಗೆ ಬೇಡ."

"ಮಾಯ್, ತೆಂಗಿನೆಣ್ಣೆ ಗಟ್ಟಿಯಾಗಲು ಚಳಿಯೇ ಬೇಡ," ಎಂದೆ. "ಹಿತವಾದ ತಂಪಿಗೂ ಅದು ಗಟ್ಟಿಯಾಗ್ತದೆ. ಅದನ್ನು ನೋಡಿ ಊರು ಆರಿಸಿದರೆ ಆಗ್ಲಿಕ್ಕಿಲ್ಲ."

"ನಿನ್ನ ಕಾಲೇಜಿನ ಎಣ್ಣೆ ಹಾಗೆ ಮಾಡಿರಬಹುದು ಪುತಾ. ಇದು ನಮ್ಮ ಗಾಣದ್ದು."

ಅಪ್ಪ ನಕ್ಕರು. ನಾನು ನಗಲಿಲ್ಲ. ಆ ಹೊತ್ತಿಗಾಗಲೇ ನನಗೆ, ಎಂದೂ ನೋಡದ, ಇನ್ನೂ ಹೆಸರೇ ಗೊತ್ತಾಗದ ಒಂದು ಊರಿನ ಮೇಲೆ ಆಸೆ ಹುಟ್ಟಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವ ಸ್ವಭಾವವೂ ನನ್ನದಲ್ಲ. ತರಗತಿಯಲ್ಲಿ ಹುಡುಗಿಯರು ಕಪ್ಪುಹಲಗೆಯಿಂದ ನಕಲು ಮಾಡಿಕೊಳ್ಳುತ್ತಿರುವಾಗ ನಾನು ಕಿಟಕಿಯ ಬಳಿ ನಿಂತು ಬೆವರದ ಒಂದು ಗೋಡೆಯನ್ನು ಯೋಚಿಸುತ್ತಿದ್ದೆ. ಆ ಗೋಡೆಯ ಬದಿಗೆ ಮಂಚ. ಮಂಚದ ಮೇಲೆ ಅಮ್ಮ ಉದ್ದಕ್ಕೆ ಕಾಲು ಚಾಚಿ, ಎಲ್ಲರಂತೆ ಮಲಗಿದ್ದಾಳೆ. ಆ ಚಿತ್ರದಲ್ಲಿ ನನಗೂ ಒಂದು ಮೇಜು ಇರುತ್ತಿತ್ತು. ಅದರ ಮೇಲಿನ ಪುಸ್ತಕಗಳಿಗೆ ಬೂಷ್ಟು ಹಿಡಿದಿರುತ್ತಿರಲಿಲ್ಲ. ಅಮ್ಮನ ಉಸಿರಿಗಾಗಿ ಹಂಬಲಿಸಿದ್ದೆಷ್ಟು, ಆ ಮೇಜಿಗಾಗಿ ಎಷ್ಟು ಎಂದು ಬೇರೆ ಮಾಡಿ ನೋಡಲು ನನಗೆ ಮನಸ್ಸಾಗುತ್ತಿರಲಿಲ್ಲ.

ಮಳೆ ಬಿಟ್ಟಿತು. ಅಮ್ಮ ಎದ್ದು ಓಡಾಡತೊಡಗಿದಳು. ಹೊಳೆಯ ಕಡೆಯ ಬಾಗಿಲಲ್ಲಿ ಕೂತು, ಮೀನು ತರುವ ಹೆಂಗಸಿನೊಡನೆ ಚೌಕಾಸಿಗೆ ಇಳಿಯುವಷ್ಟು ಉಸಿರು ಬಂತು. ಆ ಹೆಂಗಸಿನ ಮನೆಯವರು ತಲೆಮಾರುಗಳಿಂದ ಕಡಲಿಗೆ ಇಳಿಯುವವರು. ನನಗೆ ನೆನಪಿರುವಂದಿನಿಂದ ಅವಳು ನಮ್ಮ ಮೆಟ್ಟಿಲ ಮೇಲೆ ಬುಟ್ಟಿ ಇಳಿಸುತ್ತಿದ್ದಳು.

"ಘಟ್ಟ ಹತ್ತುತ್ತೀರಂತೆ ಬಾಯಮ್ಮ," ಎಂದಳು ಒಂದು ದಿನ, ಬಂಗುಡೆಗಳನ್ನು ಹೊರಳಿಸುತ್ತಾ. "ಅಲ್ಲಿ ಮೀನು ಉಂಟಾ?"

"ಬಸ್ಸಿನಲ್ಲಿ ಬರ್ತದಂತೆ."

"ಬಸ್ಸಿನಲ್ಲಿ ಬಂದ ಮೀನಿಗೆ ನಿಮಗಿಂತ ಜೋರು ಉಬ್ಬಸ ಬಂದಿರ್ತದೆ. ಅದನ್ನು ತಿಂದು ನೀವು ಗುಣ ಆಗುವುದು ಎಂತ?"

"ನೀನೇ ತಂದುಕೊಡು, ವಾರಕ್ಕೊಮ್ಮೆ."

"ತರ್ತೇನೆ. ನನಗೊಂದು ಕಂಬಳಿ ಕೊಡಿಸಿ. ಈ ಟೀಚರಮ್ಮನಿಗೆ ಅಲ್ಲೇ ಗಂಡು ಹುಡುಕಿ, ಮದುವೆಗೆ ಅಂಜಲ್ ಮೀನೂ ತರ್ತೇನೆ."

ಅಮ್ಮ ನಕ್ಕಳು. ನಕ್ಕಾಗ ಕೆಮ್ಮು ಬಂತು. ಕೆಮ್ಮು ನಿಂತ ಮೇಲೂ ಅವಳು ಬುಟ್ಟಿಯೊಳಗೆ ಕೈಯಿಟ್ಟು ಬಂಗುಡೆಗಳನ್ನು ಸುಮ್ಮನೆ ಮುಟ್ಟುತ್ತಾ ಕೂತಿದ್ದಳು. ಕೊಳ್ಳಬೇಕಾದ್ದನ್ನು ಆಗಲೇ ಆರಿಸಿಯಾಗಿತ್ತು.

ಊರು ಸಿಕ್ಕಿದ್ದು ಡಿಸೆಂಬರ್ ಮೊದಲಿಗೆ. ನಾನು ಪಾಠ ಹೇಳುತ್ತಿದ್ದ ಶಾಲೆಗೆ ಕೊಡಗಿನ ಕಾನ್ವೆಂಟೊಂದರ ಸಿಸ್ಟರ್ ಬಂದಿದ್ದರು. ಅವರ ಶಾಲೆಗೆ ವಿಜ್ಞಾನದ ಟೀಚರು ಬೇಕಿತ್ತು. ಅವರದು ಕೊಡಗಿನ ಪೂರ್ವದ ಇಳಿಜಾರಿನ ಸಣ್ಣ ಪೇಟೆ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಳೆಯೆಲ್ಲ ಮಡಿಕೇರಿಯಲ್ಲೇ ಸುರಿದು, ಉಳಿದದ್ದಷ್ಟೇ ಅಲ್ಲಿಗೆ ಬರುತ್ತದೆ ಎಂದರು. ಮಡಿಕೇರಿಗಿಂತ ತಗ್ಗಿನಲ್ಲಿದ್ದುದರಿಂದ ಚಳಿಯೂ ಕಡಿಮೆ. ಇಗರ್ಜಿಯ ಹಿಂದೆ ಒಂದು ಮನೆ ಖಾಲಿ ಇತ್ತು. ಅಂಗಡಿಬೀದಿಗೆ ದೂರವೆಂದು ಯಾರಿಗೂ ಬೇಡವಾಗಿ ಬಾಡಿಗೆ ಇಳಿದಿತ್ತು. ಅಪ್ಪ ಕೇಳಿದ ಕೂಡಲೇ, "ಇದೇ," ಎಂದರು.

"ಎಣ್ಣೆ?" ಎಂದಳು ಅಮ್ಮ.

ಹಾಗೆ, ಕ್ರಿಸ್ಮಸ್ ಕಳೆದ ಮೇಲಿನ ರಜೆಯಲ್ಲಿ, ಚಳಿ ಅತಿ ಹೆಚ್ಚಿರುವಾಗಲೇ ನಾನು ಅಲ್ಲಿಗೆ ಹೋಗಿ ನೋಡಿ ಬರುವುದೆಂದಾಯಿತು. ಅಮ್ಮ ಬಾಟಲಿಗೆ ಗುಳ್ಳೆಯ ಮಟ್ಟಕ್ಕೆ ಎಣ್ಣೆ ತುಂಬಿಸಿ, ಬೆಂಡು ಬಿಗಿದು, ಅಪ್ಪನ ಸ್ವೆಟರಿನಲ್ಲಿ ಸುತ್ತಿ ಕೊಟ್ಟಳು.

"ರಾತ್ರಿ ಕಿಟಕಿಯ ಹೊರಗೆ ಇಡು. ಬೆಳಿಗ್ಗೆ ನೋಡು. ನೋಡಿದ್ದನ್ನು ಬಂದು ಹೇಳು."

ಪುತ್ತೂರು, ಸುಳ್ಯ ದಾಟಿ ಬಸ್ಸು ಸಂಪಾಜೆಯ ಘಾಟಿ ಹತ್ತಿತು. ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಮತ್ತೆ ಇಳಿಯುತ್ತಾ ಹೋದಂತೆ ಮಂಜು ಹಿಂದೆ ಉಳಿಯಿತು, ಬೆಟ್ಟಗಳ ಅಂಚು ಕತ್ತರಿಸಿಟ್ಟ ಹಾಗೆ ಸ್ಪಷ್ಟವಾಯಿತು. ಸಿಸ್ಟರ್ ನನ್ನನ್ನು ನೇರವಾಗಿ ಆ ಮನೆಗೆ ಕರೆದುಕೊಂಡು ಹೋದರು. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಿಲಲ್ಲಿ ಒಂದು ಕಿತ್ತಳೆ ಮರ. ಅವರು ಹಿತ್ತಿಲ ಬಾಗಿಲಿನ ಬೀಗದ ಕೈ ತರಲೆಂದು ಆಚೆ ಹೋದಾಗ ನಾನು ಗೋಡೆಗೆ ಅಂಗೈ ಒತ್ತಿ ನಿಂತೆ. ಒಣಗಿತ್ತು. ಅಡುಗೆಮನೆಯ ಗೂಡಿನಲ್ಲಿ ಹಿಂದಿನವರು ಬಿಟ್ಟುಹೋದ ಬೆಂಕಿಪೆಟ್ಟಿಗೆಯೊಂದಿತ್ತು. ಒಂದು ಕಡ್ಡಿ ಗೀರಿದೆ, ಕೂಡಲೇ ಹೊತ್ತಿತು. ಆಮೇಲೆ ಕಿಟಕಿ ತೆರೆದು, ಅಮ್ಮನ ಬದಲಿಗೆ ಎಂಬಂತೆ ಒಂದು ದೀರ್ಘ ಉಸಿರು ಎಳೆದೆ. ಈ ಮನೆ ಬೇಕು ಎಂದು ನನ್ನೊಳಗೆ ಎದ್ದ ಮಾತು ಎಷ್ಟು ಗಟ್ಟಿಯಾಗಿತ್ತೆಂದರೆ, ಯಾರಿಗಾದರೂ ಕೇಳಿಸಿತೋ ಎಂದು ಹಿಂದೆ ತಿರುಗಿ ನೋಡಿದೆ.

ಆ ರಾತ್ರಿ ಕಾನ್ವೆಂಟಿನಲ್ಲಿ ಉಳಿದೆ. ಬಾಟಲಿಯನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಟ್ಟೆ. ಒಂದೇ ಕಂಬಳಿ ಸಾಕಾಯಿತು. ಬೆಳಿಗ್ಗೆ ತೆರೆದು ನೋಡಿದರೆ ಎಣ್ಣೆ ಸುಣ್ಣದಂತೆ ಬಿಳಿ. ತಲೆಕೆಳಗು ಮಾಡಿದೆ, ಅಲುಗಲಿಲ್ಲ. ನನ್ನ ಕೈಯಲ್ಲಿದ್ದ ಬಾಟಲಿ ನೋಡಿ ಅಡುಗೆಯ ಸಿಸ್ಟರ್, "ಇಲ್ಲಿ ಸಣ್ಣ ಬಾಯಿಯದ್ದು ನಡೆಯುವುದಿಲ್ಲ," ಎಂದು ತಮ್ಮ ಅಗಲ ಬಾಯಿಯ ಭರಣಿ ತೋರಿಸಿದರು. ಅದರೊಳಗೆ ಒಂದು ಚಮಚ ನೆಟ್ಟಗೆ ನಿಂತಿತ್ತು.

ವಾಪಸು ಬರುವಾಗ ಬಾಟಲಿ ನನ್ನ ಮಡಿಲಲ್ಲಿತ್ತು. ಘಾಟಿ ಇಳಿಯುತ್ತಿದ್ದಂತೆ ಬಿಳುಪು ಗಾಜಿನ ಅಂಚಿನಿಂದ ಬಿಟ್ಟುಕೊಂಡಿತು. ಸುಳ್ಯದ ಹೊತ್ತಿಗೆ ಅದೊಂದು ತೇಲುವ ಗಡ್ಡೆ. ಪುತ್ತೂರಿನಲ್ಲಿ ಒಂದು ಎಳೆ. ಪಾಣೆಮಂಗಳೂರಿನ ಸೇತುವೆಯ ಮೇಲೆ ನೇತ್ರಾವತಿ ಕಾಣುವಾಗ ಎಣ್ಣೆ ಪೂರ್ತಿ ತಿಳಿಯಾಗಿತ್ತು, ಗುಳ್ಳೆಯ ಮಟ್ಟಕ್ಕೆ ಸರಿಯಾಗಿ. ಅದು ಗಟ್ಟಿಯಾಗಿತ್ತೆನ್ನುವುದಕ್ಕೆ ಇನ್ನು ನನ್ನ ಮಾತು ಬಿಟ್ಟರೆ ಬೇರೆ ಗುರುತಿರಲಿಲ್ಲ. ಗಟ್ಟಿಯಾಗಲಿಲ್ಲ ಎಂಬ ಒಂದು ಮಾತು ಸಾಕಿತ್ತು; ಜೂನಿಗೆ ಮೊದಲು ನಾವು ಆ ಒಣ ಗೋಡೆಗಳ ನಡುವೆ ಇರುತ್ತಿದ್ದೆವು. ಸೇತುವೆಯಿಂದ ಮಂಗಳೂರಿನವರೆಗೆ ನಾನು ಅದನ್ನೇ ಯೋಚಿಸಿದೆ.

ಸಂಜೆ ಅಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು, ನನ್ನ ಕಡೆ ನೋಡದೆ, "ಹೇಳು," ಎಂದಳು.

"ಗಟ್ಟಿಯಾಯಿತು ಮಾಯ್. ಸುಣ್ಣದ ಹಾಗೆ."

ಅಪ್ಪ ಚಹಾದ ಲೋಟ ಕೆಳಗಿಟ್ಟರು. ನಾನು ಉಳಿದದ್ದನ್ನೂ ಹೇಳಿದೆ, ಗೋಡೆ, ಬೆಂಕಿಕಡ್ಡಿ, ಒಂದೇ ಕಂಬಳಿ, ಕಿತ್ತಳೆ ಮರ. ಅಮ್ಮ ಬಾಟಲಿಯನ್ನು ಕಿಟಕಿಯಲ್ಲಿ ಅದರ ಜಾಗದಲ್ಲಿಟ್ಟಳು.

"ನನಗೆ ಗೊತ್ತಿತ್ತು," ಎಂದಳು. "ನನ್ನ ದೊಡ್ಡಮ್ಮ ಕಾಫಿತೋಟದಲ್ಲಿದ್ದವಳಲ್ಲವಾ. ಘಟ್ಟದ ಮೇಲೆ ಎಣ್ಣೆ ಗಟ್ಟಿಯಾಗದ ಊರು ಇಲ್ಲ."

"ಮತ್ತೆ ಇವಳನ್ನು ಅಷ್ಟು ದೂರ ಎಂತಕ್ಕೆ ಕಳುಹಿಸಿದ್ದು?" ಎಂದರು ಅಪ್ಪ.

"ಬರುವುದಿಲ್ಲ ಅಂತ ಬಾಯಿಬಿಟ್ಟು ಹೇಳುವುದು ಹೇಗೆ? ಆ ಭೂಪಟ ನೋಡುವಾಗ ಇವಳ ಮುಖ ನೀವು ನೋಡಲಿಲ್ಲ. ನಾನು ನೋಡಿದ್ದೇನೆ." ಅವಳು ಹೊಳೆಯ ಕಡೆಯ ಬಾಗಿಲಿನತ್ತ ತಿರುಗಿದಳು. ಹೊರಗೆ ಉಬ್ಬರದ ನೀರು ಮೆಟ್ಟಿಲಿಗೆ ಬಡಿಯುವ ಸದ್ದಿತ್ತು. "ಎಣ್ಣೆ ಹೇಳಿದರೆ ಸಾಕು ಅಂದುಕೊಂಡೆ. ಇವಳು ಬಂದು ಆ ಊರು ಆಗ್ಲಿಕ್ಕಿಲ್ಲ ಅಂತಾಳೆ, ಇವಳೇ ಬಿಟ್ಟುಬಿಡ್ತಾಳೆ ಅಂತ."

ನನಗೆ ಮುಖವೆಲ್ಲಿ ಇಡುವುದೆಂದು ತಿಳಿಯಲಿಲ್ಲ. ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದೆನೆಂದು ನಂಬಿದ್ದ ಆ ಗೋಡೆ, ಆ ಮೇಜು, ಎಲ್ಲವನ್ನೂ ಅವಳು ಮಂಚದಿಂದಲೇ ನೋಡಿದ್ದಳು. ಅವಳು ಬುಟ್ಟಿಯೊಳಗೆ ಕೈಯಿಟ್ಟು ಕೂತದ್ದನ್ನು ನಾನೂ ನೋಡಿದ್ದೆ. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ, ಅಷ್ಟೆ.

"ಮಾಯ್, ನಿಮಗೆ ಬೇಡವಾದರೆ ಬೇಡ," ಎಂದೆ. ಅದನ್ನು ಹೇಳುವಾಗ ಆ ಕಿತ್ತಳೆ ಮರ ನನ್ನಿಂದ ದೂರ ಹೋಗುವುದು ಕಾಣಿಸಿತು.

ಅಪ್ಪ ಲೋಟ ಎತ್ತಿಕೊಂಡರು, ಕುಡಿಯಲಿಲ್ಲ. ಅಮ್ಮನ ಉಸಿರು ಮೂವರಿಗೂ ಕೇಳುತ್ತಿತ್ತು. ಮಳೆ ನಿಂತು ಎಷ್ಟೋ ದಿನವಾಗಿದ್ದರೂ ಆ ಸಿಳ್ಳೆ ಪೂರ್ತಿ ಹೋಗಿರಲಿಲ್ಲ.

"ಗಟ್ಟಿಯಾದ ಎಣ್ಣೆಯನ್ನು ಅಲ್ಲಿಯವರು..." ಎಂದಳು. ನಾವು ಕಾದೆವು. "ಹೇಗೆ ತೆಗೀತಾರೆ?"

"ಅಗಲ ಬಾಯಿಯ ಭರಣಿಯಲ್ಲಿ ಇಡ್ತಾರೆ. ಚಮಚದಿಂದ ತೆಗೀತಾರೆ."

"ಅಂಗೈಯಲ್ಲಿ ಕರಗ್ತದಾ?"

"ಕರಗ್ತದೆ."

ಅವಳು ತನ್ನ ಬಲಗೈಯನ್ನು ಬಿಡಿಸಿ ಒಮ್ಮೆ ನೋಡಿಕೊಂಡಳು. ಆಮೇಲೆ ಎದ್ದು, ಅನ್ನಕ್ಕೆ ನೀರಿಡಲು ಹೋದಳು. ಹೋಗುವುದೋ ಬೇಡವೋ ಎಂದು ಮನೆಯಲ್ಲಿ ಮತ್ತೆ ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬಂದರಿನ ಅಂಗಡಿಗಳಿಗೆ ಹೋದೆ. ಘಟ್ಟಕ್ಕೆ ಒಯ್ಯಲೆಂದು ಕಂದು ಬಣ್ಣದ ಒಂದು ಪಿಂಗಾಣಿ ಭರಣಿ ಕೊಂಡೆ. ಬಾಯಿ ಅಗಲ, ಅಮ್ಮನ ಕೈ ಸಲೀಸಾಗಿ ಹೋಗುವಷ್ಟು. ಬರುವಾಗ ಸುತ್ತಾದರೂ ಹೊಳೆಯ ಬದಿಯಿಂದ ಬಂದೆ, ನಿಧಾನವಾಗಿ. ಮನೆಯಲ್ಲಿ ಭರಣಿಯನ್ನು ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಬಾಟಲಿಯ ಎಣ್ಣೆಯನ್ನು ಅದಕ್ಕೆ ಸುರಿದೆ. ಕೊನೆಯ ಹನಿ ಗಾಳಿಗುಳ್ಳೆಯ ಬಳಿ ಬಂದು ನಿಂತಿತು. ಅದು ಬೀಳುವವರೆಗೆ ಬಾಟಲಿಯನ್ನು ಹಾಗೆಯೇ ಓರೆ ಮಾಡಿ ಹಿಡಿದುಕೊಂಡು ಕಾದೆ.